ಜೋಧಪುರದಲ್ಲಿ ನಾನು ಒಲೆ ಹಚ್ಚಲಿಲ್ಲ

ಜೋಧಪುರಕ್ಕೆ ನಾನು ಅದಕ್ಕೂ ಮುಂಚೆ ನಾಲ್ಕೈದು ಸಲ ಹೋಗಿದ್ದೆ. ಆದರೆ ಆ ಊರಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಜಾಗ, ಸೊಪ್ಪು ತರಕಾರಿ ಸಿಗುವ ಬೀದಿ ಮತ್ತು ಧರ್ಮಶಾಲೆಯ ಹಿಂದಿನ ಕೊಳಾಯಿ. ಮರಳುಗಾಡಿನ ಅಷ್ಟು ದೊಡ್ಡ ಊರು, ಬೆಟ್ಟದ ಮೇಲೆ ಅಷ್ಟೆತ್ತರದ ಕೋಟೆ, ನೋಡಿದೆಯಾ ಅಂತ ಯಾರಾದರೂ ಕೇಳಿದರೆ ನೋಡಿದ್ದೇನೆ ಅನ್ನುತ್ತಿದ್ದೆ. ಸುಳ್ಳೇನಲ್ಲ. ಈರುಳ್ಳಿ ಹೆಚ್ಚುತ್ತಾ ತಲೆ ಎತ್ತಿದರೆ ಕಾಣುತ್ತಿತ್ತು.

ನಾನು ಟೂರ್ ಬಸ್ಸಿನ ಅಡುಗೆಯವಳು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಉತ್ತರದ ಯಾತ್ರೆಗೆ ಬಸ್ಸು ಹೊರಟರೆ ಜನರ ಬ್ಯಾಗಿಗಿಂತ ಮೊದಲು ಡಿಕ್ಕಿಗೆ ಏರುವುದು ಗ್ಯಾಸ್ ಒಲೆ, ದೊಡ್ಡ ಪಾತ್ರೆಗಳು, ರಾಗಿ ಹಿಟ್ಟಿನ ಚೀಲ, ಹುರುಳಿಕಾಳು, ಸಾರಿನ ಪುಡಿ. ನಮ್ಮವರು ಗಂಗೆಯಲ್ಲಿ ಮುಳುಗಿ ಏಳಲಿ, ಮರಳಲ್ಲಿ ಒಂಟೆ ಏರಲಿ, ಹೊತ್ತಿಗೆ ಸರಿಯಾಗಿ ಹಿಟ್ಟು ಬೇಕು. ಮುದ್ದೆಗೆ ನಮ್ಮ ಕಡೆ ಹಿಟ್ಟು ಅಂತಲೇ ಹೆಸರು, ಬಾಯಿಗೆ ಬರುವಾಗ ಅದು ‘ಇಟ್ಟು’ ಆಗುತ್ತದೆ. ಚಪಾತಿ ತಿಂದರೆ ತಿಂದ ಹಾಗೇ ಆಗಲಿಲ್ಲ ಅನ್ನುವ ಜನ.

ಬಸ್ಸು ತುಂಬಾ ಜನಕ್ಕೆ ಒಬ್ಬಳೇ ಬೇಯಿಸಿ ಹಾಕುವುದು ಆಗದ ಮಾತು. ಹಾಗಂತ ಇನ್ನೊಬ್ಬ ಅಡುಗೆಯವರನ್ನು ಯಾರೂ ಕರೆತರುವುದಿಲ್ಲ. ಬಸ್ಸಿನಲ್ಲಿ ಹೆಂಗಸರಿರುತ್ತಾರಲ್ಲ! ಬಸ್ಸು ನಿಂತ ಕೂಡಲೇ ಗಂಡಸರು ಟವೆಲು ಹೆಗಲಿಗೆ ಹಾಕಿಕೊಂಡು ಊರು ನೋಡಲು ಹೊರಡುತ್ತಾರೆ. ಹೆಂಗಸರು ಯಾರೂ ಹೇಳದಿದ್ದರೂ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಪಕ್ಕ ಕೂರುತ್ತಾರೆ. ಒಬ್ಬರು ಕಾಯಿ ತುರಿಯುತ್ತಾರೆ, ಒಬ್ಬರು ಕಾಳು ಆರಿಸುತ್ತಾರೆ, ಗಟ್ಟಿ ರಟ್ಟೆ ಇರುವವರು ಹಿಟ್ಟು ತಿರುವುತ್ತಾರೆ. ಎಷ್ಟೋ ವರ್ಷ ನನಗೂ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕೈಗೆ ಕೈ ಸೇರಿದರೆ ಕೆಲಸ ಹಗುರ ಅಷ್ಟೇ ಅಂದುಕೊಂಡಿದ್ದೆ.

ಕಾಶಿಯಲ್ಲಿ ಒಂದು ಸಂಜೆ ಆ ಯೋಚನೆ ಕೆಟ್ಟಿತು. ಆ ಸಲ ಬಂದಿದ್ದವರು ಬಂಡೂರಿನ ಪಕ್ಕದ ಒಂದು ಹಳ್ಳಿಯವರು. ಅವರ ಊರಿನ ಯಜಮಾನರು ತಂಡದ ಮುಖಂಡರು, ಅವರ ಹೆಂಡತಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹೊಳೆಯ ದಡದಲ್ಲಿ ಆರತಿ ಶುರುವಾದಾಗ ದೊಡ್ಡಮ್ಮ ನನ್ನ ಜೊತೆ ಅಡುಗೆ ಕೋಣೆಯಲ್ಲಿ ಹಿಟ್ಟು ಕಟ್ಟುತ್ತಿದ್ದರು. ಗಂಟೆ, ಶಂಖ, ಜಾಗಟೆ ಎಲ್ಲ ಕಿವಿಗೆ ಬೀಳುತ್ತಿತ್ತು. ನೀವು ಹೋಗಿ ದೊಡ್ಡಮ್ಮ, ನಾನು ನೋಡಿಕೊಳ್ಳುತ್ತೇನೆ ಅಂದೆ. ಅವರು ಕೈ ಒದ್ದೆ ಮಾಡಿಕೊಂಡು ಇನ್ನೊಂದು ಮುದ್ದೆಗೆ ಕೈ ಹಾಕಿದರು.

“ಗಂಟೆ ಸದ್ದು ಕೇಳುಸ್ತಲ್ಲ ಮಗ, ಸಾಕು ಬುಡು.”

ಅವರು ಬೇಜಾರಿಲ್ಲದೆ ಹೇಳಿದರು. ಬೇಜಾರು ಆದದ್ದು ನನಗೆ, ಇನ್ನೂ ಆಗುತ್ತದೆ.

ಅದೇ ತಂಡ ಹೋದ ಸಂಕ್ರಾಂತಿ ಕಳೆದ ಮೇಲೆ ರಾಜಸ್ಥಾನಕ್ಕೆ ಹೊರಡುವ ಯೋಚನೆ ಮಾಡಿತು. ಬಸ್ಸಿನ ಮಾಲೀಕ, ಚಾಲಕ ಇಬ್ಬರೂ ಒಬ್ಬರೇ, ಮದ್ದೂರಿನ ಸಾಬರು, ನನಗೆ ಅಣ್ಣನ ಹಾಗೆ, ಸಾಬಣ್ಣ ಅಂತಲೇ ಕರೆಯುತ್ತೇನೆ. “ಅಕ್ಕ, ಈ ಸಲ ಸೌಟು ಕೆಳ್ಗಿಕ್ಕಿ ಟೂರು ನೀವೇ ನಡ್ಸಿ. ದಾರಿ ನಂಗೆ ಗೊತ್ತು, ಜನ ನಿಮಗ್ ಗೊತ್ತು” ಅಂದರು. ನಾನು ಒಪ್ಪಿಕೊಂಡೆ. ಒಪ್ಪುವಾಗಲೇ ಒಂದು ನಿರ್ಧಾರ ಮಾಡಿದ್ದೆ. ದೊಡ್ಡಮ್ಮ ಈ ಸಲ ಊರು ನೋಡಬೇಕು. ಎಲ್ಲ ಕಡೆ ಆಗದಿದ್ದರೂ ಜೋಧಪುರದಲ್ಲಿ ಒಲೆ ಹಚ್ಚುವುದಿಲ್ಲ, ಅಲ್ಲಿನ ಊಟವನ್ನೇ ಉಣ್ಣಬೇಕು, ಎಲ್ಲರೂ ಕೋಟೆ ಹತ್ತಬೇಕು.

ಹಳ್ಳಿಗೆ ಹೋಗಿ ಯಜಮಾನರ ಜಗುಲಿಯ ಮೇಲೆ ಕೂತು ಇದನ್ನು ಹೇಳಿದೆ. ಅವರು ತುಂಬಾ ಹೊತ್ತು ಮೀಸೆ ತೀಡಿದರು.

“ಅಲ್ ಕಣವ್ವ, ಇಟ್ಟಿಲ್ದೆ ಎರಡು ದಿವ್ಸ?”

“ಎರಡೇ ದಿವಸ ಯಜಮಾನ್ರೆ. ಅದೂ ರಾಗಿ ಚೀಲ ಡಿಕ್ಕೀಲಿ ಇದ್ದೇ ಇರ್ತದೆ.”

“ಸರಿ ನೋಡನ. ಒಟ್ಟೆ ಕೆಟ್ರೆ ಮಾತ್ರ ನಿನ್ನ ಟೂರು ಅಲ್ಲಿಗೆ ಬಂದ್ ಅನ್ಕೊ. ಮುಂದ್ಲ ವರ್ಸ ಬ್ಯಾರೆ ಬಸ್ಸು.”

ದೊಡ್ಡಮ್ಮ ಒಳಬಾಗಿಲಲ್ಲಿ ನಿಂತಿದ್ದರು. ನಾನು ಹೊರಡುವಾಗ, “ಕ್ವಾಟೆ ದೊಡ್ಡದಾ ಮಗ?” ಅಂತ ಕೇಳಿದರು.

ಊರಿನವರಿಗಿಂತ ಚೆನ್ನಾಗಿ ಊರು ತೋರಿಸುವವರು ಯಾರು? ಮದ್ದೂರಿನ ಪೇಟೆಬೀದಿಯಲ್ಲಿ ನಾನು ಪಾತ್ರೆ ಕೊಳ್ಳುವ ಅಂಗಡಿಯ ಸೇಟಮ್ಮ ಹುಟ್ಟಿ ಬೆಳೆದದ್ದು ಜೋಧಪುರದ ಗಲ್ಲಿಯಲ್ಲೇ. ಮದುವೆಯಾಗಿ ಮದ್ದೂರಿಗೆ ಬಂದವರು ಈಗ ನಮಗಿಂತ ಚೆನ್ನಾಗಿ ನಮ್ಮ ಮಾತು ಆಡುತ್ತಾರೆ. “ನಮ್ಮೂರ್ಗೆ ಓಯ್ತಿದ್ದೀಯಾ!” ಅಂತ ಗಿರಾಕಿಗಳನ್ನು ಬಿಟ್ಟು ನನ್ನನ್ನು ಒಳಗೆ ಕೂರಿಸಿಕೊಂಡರು. ಬೆಳಿಗ್ಗೆ ಗಡಿಯಾರ ಗೋಪುರದ ಹತ್ತಿರ ಈರುಳ್ಳಿ ಕಚೋರಿ, ಮಧ್ಯಾಹ್ನ ದಾಲ್ ಬಾಟಿ, ಕೋಟೆ ಇಳಿದ ಮೇಲೆ ಬೆಣ್ಣೆ ಹಾಕಿದ ಲಸ್ಸಿ, ಸಂಜೆ ಹಳೆಯ ಮೆಟ್ಟಿಲು ಬಾವಿಯ ಕಟ್ಟೆ ಮೇಲೆ ಕೂತು ಚಹಾ, ನೀಲಿ ಮನೆಗಳ ಗಲ್ಲಿಗೆ ಬಿಸಿಲು ಇಳಿದ ಮೇಲೆ ಮಾತ್ರ ಹೋಗಬೇಕು. ಬಾಟಿಯನ್ನು ಬಿಸಿ ಇರುವಾಗಲೇ ಮುರಿಯಬೇಕು, ತುಪ್ಪ ಬೇಡ ಅನ್ನಬಾರದು. ಎಲ್ಲ ಹೇಳಿದರು. ಒಂದನ್ನು ಮಾತ್ರ ಹೇಳಲಿಲ್ಲ. ಅದನ್ನು ಯಾರಿಗಾದರೂ ಹೇಳಬೇಕಾಗುತ್ತದೆ ಅಂತ ಅವರಿಗೇ ಹೊಳೆದಿರಲಿಲ್ಲ.

ಮುತ್ತತ್ತಿಯ ಆಂಜನೇಯನಿಗೆ ಕಾಯಿ ಒಡೆದು ಹೊರಟೆವು. ಅಡುಗೆಗೆ ಅಂತ ಮಂಡ್ಯದಿಂದ ಒಬ್ಬರನ್ನು ಕರೆದುಕೊಂಡಿದ್ದೆ. ಅವರು ಅಹಮದಾಬಾದಿನವರೆಗೆ ಚೆನ್ನಾಗಿ ಬೇಯಿಸಿ ಹಾಕಿದರು, ಅಲ್ಲಿ ಜ್ವರ ಹತ್ತಿ ರೈಲು ಹಿಡಿದು ವಾಪಸ್ಸು ಹೋದರು. ಅಂದರೆ ಮುಂದೆ ಎಲ್ಲೇ ಒಲೆ ಹಚ್ಚಿದರೂ ಅದರ ಮುಂದೆ ಕೂರುವುದು ನಾನು, ನನ್ನ ಪಕ್ಕ ಅದೇ ಹೆಂಗಸರು. ಉದಯಪುರದಲ್ಲಿ ಹಾಗೇ ಆಯಿತು. ಕೆರೆಯ ನಡುವಿನ ಅರಮನೆಯನ್ನು ಗಂಡಸರು ನೋಡಿ ಬಂದು ನಮಗೆ ವರ್ಣಿಸಿದರು. ದೊಡ್ಡಮ್ಮ ಹುರುಳಿಕಾಳು ಸೋಸುತ್ತಾ “ಔದಾ” ಅಂದರು. 

ಜೋಧಪುರ ತಲುಪಿದ ಸಂಜೆಯೇ ಸಾಬಣ್ಣನನ್ನು ಕರೆದುಕೊಂಡು ಹೊರಟೆ. ಅವರ ಉರ್ದು ಅಲ್ಲಿ ಸಲೀಸಾಗಿ ನಡೆಯುತ್ತಿತ್ತು. ಸೇಟಮ್ಮ ಹೇಳಿದ್ದ ಒಂದೊಂದು ಅಂಗಡಿಗೂ ಹೋಗಿ ನಾನು ನೋಡುವುದನ್ನು ನೋಡಿದೆ. ಬಾಣಲೆಯ ಎಣ್ಣೆ ಕಪ್ಪಾಗಿದೆಯೋ ಇಲ್ಲವೋ, ನೀರಿನ ಪಾತ್ರೆಗೆ ಮುಚ್ಚಳ ಇದೆಯೋ ಇಲ್ಲವೋ, ಹತ್ತಿರದಲ್ಲಿ ಹೆಂಗಸರು ಹೋಗುವಂಥ ಪಾಯಿಖಾನೆ ಎಲ್ಲಿ, ಮಂಡಿ ಬಾರದವರು ಕೂರಲು ಬೆಂಚು ಉಂಟೋ. ಎಲ್ಲ ಕಡೆಯೂ ಒಂದೊಂದು ತುತ್ತು ತಿಂದು, ಹೊಟ್ಟೆ ಏನನ್ನುತ್ತದೆ ಅಂತ ಕಾದೆ. ಲಸ್ಸಿಯವನಿಗೆ ಐಸು ಹಾಕಬೇಡ ಅಂತ ಹೇಳಿಸಿದೆ. ಬಾಟಿ ಊಟದ ಮನೆಯವರಿಗೆ ನಾವು ಬರುವ ಹೊತ್ತು ಹೇಳಿ, ಆ ಹೊತ್ತಿಗೆ ಕೆಂಡದಿಂದ ತೆಗೆದದ್ದೇ ಬೇಕು, ಬೆಳಗಿನದು ಬೇಡ ಅಂತ ಗಟ್ಟಿ ಮಾಡಿಕೊಂಡೆ.

ಮರುದಿನ ಬೆಳಗಿನ ತಿಂಡಿ ಗೆದ್ದಿತು. ಕಚೋರಿ ಮುರಿದ ಕೂಡಲೇ ಯಜಮಾನರು ಕಣ್ಣರಳಿಸಿ, “ಲೇ, ಇದು ನಮ್ ಮದ್ದೂರು ವಡೇನೇ ಕಣ್ರಲಾ! ಉಬ್ಬುಸಿ ಒಳಿಕ್ಕೆ ಪಲ್ಯ ತುಂಬವ್ರೆ” ಅಂದರು. ಎಲ್ಲರೂ ನಕ್ಕರು, ಎರಡೆರಡು ತಿಂದರು. ಹೆಂಗಸರೂ ಬೆಂಚಿನ ಮೇಲೆ ಕೂತೇ ತಿಂದರು. ಬೆಳಗಿನ ಹೊತ್ತಲ್ಲಿ ಕೈಗೆ ಮಸಿಯಿಲ್ಲದೆ ಕೂತ ದೊಡ್ಡಮ್ಮ ಆಗಾಗ ಕೈ ನೋಡಿಕೊಳ್ಳುತ್ತಿದ್ದರು. ಬಿಸಿಲು ಏರುವವರೆಗೆ ಗಡಿಯಾರದ ಸುತ್ತ ಸಂತೆ ನೋಡಿದೆವು. ಕೋಟೆಯನ್ನು ಮಾರನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಹೊಟ್ಟೆ ಒಗ್ಗಿದ ಮೇಲೆ ಹತ್ತಲಿ ಅಂತ.

ಮಧ್ಯಾಹ್ನ ಬಾಟಿ ಬಂತು. ಗೋಧಿ ಹಿಟ್ಟಿನ ಉಂಡೆ, ಕೆಂಡದಲ್ಲಿ ಸುಟ್ಟದ್ದು, ಹೊರಗೆ ಗಟ್ಟಿ ಒಳಗೆ ಮೆತ್ತಗೆ. ಬಡಿಸುವವನು ಅದನ್ನು ಕೈಯಲ್ಲೇ ಒಡೆದು, ತುಪ್ಪ ಸುರಿದು, ಮೇಲೆ ಬೇಳೆ ಹಾಕಿ, ಕಲಸಿ ತಿನ್ನಿ ಅಂತ ಸನ್ನೆ ಮಾಡಿದ. ಯಜಮಾನರಿಗೆ ಖುಷಿಯಾಯಿತು. ಉಂಡೆ ಇದೆ, ಸಾರಿನ ಹಾಗೆ ಬೇಳೆ ಇದೆ, ಕೈಯಲ್ಲಿ ಕಲಸುವುದಿದೆ. ಅವರು ಬಾಟಿಯನ್ನು ಚೆನ್ನಾಗಿ ಅದುಮಿ, ಬೆರಳ ತುದಿಯಲ್ಲಿ ಗುಂಡಗೆ ಮಾಡಿ, ಬೇಳೆಯಲ್ಲಿ ಅದ್ದಿ, ಬಾಯಿಗೆ ಹಾಕಿ, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ನುಂಗಿದರು.

ನಮ್ಮಲ್ಲಿ ಹಿಟ್ಟನ್ನು ಯಾರೂ ಅಗಿಯುವುದಿಲ್ಲ. ಅಗಿಯುವ ಮಗುವನ್ನು ನೋಡಿ ನಗುತ್ತೇವೆ. ಸಾರಲ್ಲಿ ಅದ್ದಿದರೆ ಹಿಟ್ಟು ತಾನಾಗಿ ಜಾರಿ ಇಳಿಯುತ್ತದೆ. ಬಾಟಿ ಇಳಿಯಲಿಲ್ಲ. ಯಜಮಾನರ ಕೈ ಗಂಟಲಿಗೆ ಹೋಯಿತು, ಮುಖ ಕಪ್ಪಿಟ್ಟಿತು, ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ದೊಡ್ಡಮ್ಮ ಬೆನ್ನಿಗೆ ಗುದ್ದುತ್ತಾ ಕೂಗಿಕೊಂಡರು. ಸಾಬಣ್ಣ ಬೆಂಚು ಹಾರಿ ಹಿಂದಿನಿಂದ ಯಜಮಾನರನ್ನು ತಬ್ಬಿ, ಹೊಟ್ಟೆಯ ಮೇಲೆ ಎರಡೂ ಕೈ ಸೇರಿಸಿ ಜೋರಾಗಿ ಒತ್ತಿದರು. ಚಾಲಕರ ತರಬೇತಿಯಲ್ಲಿ ಎಂದೋ ಕಲಿಸಿದ್ದರಂತೆ. ಮತ್ತೆ ಒತ್ತಿದರು. ಉಂಡೆ ಹಾರಿ ತಟ್ಟೆಯ ಆಚೆ ಬಿತ್ತು.

ನಾನು ನೀರು ತಂದು ಯಜಮಾನರ ಕೈಗೆ ಕೊಟ್ಟೆ.  ಬಡಿಸುವವನು ಗಾಬರಿಯಲ್ಲಿ ಸಾಬಣ್ಣನ ಹತ್ತಿರ ಏನೋ ಕೇಳಿದ. ಅವರು ತಿರುಗಿಸಿ ಹೇಳಿದರು, “ಅಗ್ದು ತಿನ್ಬೇಕಿತ್ತು, ಯಾಕೆ ಅಗೀಲಿಲ್ಲ ಅಂತವ್ನೆ.”

ಯಜಮಾನರು ಇನ್ನೂ ಏದುಸಿರು ಬಿಡುತ್ತಿದ್ದರು. ಆ ಸ್ಥಿತಿಯಲ್ಲೂ ಕೇಳಿದರು, “ಉಂಡೇನ ಯಾರಾದ್ರೂ ಅಗೀತಾರೇನ್ಲಾ?”

ಹತ್ತಿರದ ಡಾಕ್ಟರಿಗೆ ತೋರಿಸಿದೆವು. ಭಯವಿಲ್ಲ, ಗಂಟಲು ಸ್ವಲ್ಪ ಗೀರಿದೆ, ಮೆತ್ತಗಿನದು ಕೊಡಿ ಅಂದರು. ಆದರೆ ತಂಡದ ಧೈರ್ಯ ಇಳಿದುಹೋಗಿತ್ತು. ಸಂಜೆ ಧರ್ಮಶಾಲೆಯ ಅಂಗಳದಲ್ಲಿ, ನಿಂತ ಬಸ್ಸಿನ ಪಕ್ಕ, ಎಲ್ಲರೂ ಯಜಮಾನರ ಸುತ್ತ ಕೂತರು. ಅವರು ನನ್ನ ಕಡೆ ನೋಡಿ ಒರಟು ದನಿಯಲ್ಲಿ ಹೇಳಿದರು.

“ಆಯ್ತಲ್ಲವ್ವ ನಿನ್ ಪರ್ದೇಸಿ ಊಟ? ಡಿಕ್ಕಿ ತೆಗುಸು. ನಾಳೆ ಬೆಳಗಾಗೆದ್ದು ಒಲೆ ಅಚ್ಚು. ಎರಡೊತ್ತೂ ಇಟ್ಟು.”

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಹಿಂದೆ ಇನ್ನಿಬ್ಬರು ಎದ್ದರು. “ರಾಗಿ ಚೀಲ ಎಡಗಡೆ ಐತಾ ಬಲಗಡೆ ಐತಾ ಮಗ? ಈಗ್ಲೇ ಜರಡಿ ಇಡಿದು ಇಕ್ಕನ” ಅಂದರು. ಅವರ ಹಿಂದೆ, ಮಹಡಿಗಳ ಮೇಲೆ, ಸಂಜೆ ಬಿಸಿಲಲ್ಲಿ ಕೋಟೆ ಕೆಂಪಗೆ ನಿಂತಿತ್ತು. ಅವರು ಅದಕ್ಕೆ ಬೆನ್ನು ಮಾಡಿ ನಿಂತಿದ್ದರು.

ನನಗೆ ಸಿಟ್ಟು ಬಂತು. ಯಜಮಾನರ ಮೇಲಲ್ಲ, ಆ ಮನುಷ್ಯ ಸಾವಿನ ಬಾಯಿಂದ ಈಚೆ ಬಂದಿದ್ದರು. ಆ ಸೆರಗು ಸಿಕ್ಕಿಸುವುದರ ಮೇಲೆ ಬಂತು. ಹೂಂ ಅಂದರೆ ಸಲೀಸು, ಟೂರು ಉಳಿಯುತ್ತದೆ, ಮುಂದಿನ ವರ್ಷವೂ ನನಗೇ ಬಸ್ಸು. ದೊಡ್ಡಮ್ಮ ಊರಿಗೆ ಹೋಗಿ ಕೋಟೆ ಕಂಡೆ, ಅಂಗಳದಿಂದ ಕಾಣುತ್ತಿತ್ತು ಅನ್ನುತ್ತಾರೆ. ನಾನು ಅನ್ನುತ್ತಿದ್ದ ಹಾಗೇ.

“ಒಲೆ ನಾನು ಹಚ್ಚಲ್ಲ ಯಜಮಾನ್ರೆ” ಅಂದೆ.

“ಏನಂದೆ?”

“ನಾಳೆ ಕೋಟೆ. ಹೆಂಗಸರೆಲ್ಲ ನನ್ನ ಜೊತೆ ಬರ್ತಾರೆ. ಯಾರಿಗೆ ಹಿಟ್ಟು ಬೇಕೋ ಅವರು ತಿರುವ್ಕೊಳ್ಲಿ. ಒಲೆ ಐತೆ, ರಾಗಿ ಐತೆ, ಎಲ್ಲ ಇಲ್ಲೇ ಐತೆ.” ಡಿಕ್ಕಿಯಿಂದ ಹಿಟ್ಟು ತಿರುವುವ ಕೋಲು ತೆಗೆದು ತಂದು ಅವರ ಕಾಲ ಬಳಿ ಇಟ್ಟೆ. 

 ಯಜಮಾನರು ಕೋಲು ನೋಡಿದರು, ನನ್ನನ್ನು ನೋಡಿದರು.

“ಟೂರು ಬಂದ್ ಅಂತ ಹೇಳಿದ್ದೆ, ಗ್ಯಾಪ್ಕ ಐತಾ?”

“ಐತೆ.”

“ಸರಿ ಅಂಗಾರೆ” ಅಂತ ಎದ್ದು ಒಳಗೆ ಹೋದರು. ದೊಡ್ಡಮ್ಮ ಸಿಕ್ಕಿಸಿದ್ದ ಸೆರಗು ಬಿಚ್ಚಲೂ ಇಲ್ಲ, ಡಿಕ್ಕಿಯ ಕಡೆ ಹೋಗಲೂ ಇಲ್ಲ. ನಡುವೆ ನಿಂತರು.

ಹಠ ಮಾಡುವುದು ಬೇರೆ, ಹಸಿದವರನ್ನು ಹಾಗೇ ಬಿಡುವುದು ಬೇರೆ. ಗಂಟಲು ನೊಂದವರಿಗೆ ನುಂಗುವಂಥದ್ದು ಏನಾದರೂ ಬೇಕಿತ್ತು. ಸೇಟಮ್ಮನಿಗೆ ಫೋನು ಮಾಡಿದೆ. ನಡೆದದ್ದು ಕೇಳಿ ಅವರು ಹೌಹಾರಿದರು. “ಅಯ್ಯೋ, ಅಗೀಲಿಲ್ವಾ?” ನಮ್ಮವರು ಹಿಟ್ಟು ಅಗಿಯುವುದಿಲ್ಲವಲ್ಲ ಅಂದೆ.  “ಇಷ್ಟು ವರ್ಸದಿಂದ ಮದ್ದೂರಲ್ಲವ್ನಿ, ಇದು ಗೊತ್ತಿರ್ಲಿಲ್ಲ ನೋಡು. ನಾನು ಮುದ್ದೆ ಅಗ್ದೇ ತಿಂತೀನಿ. ಅದ್ಕೇ ಎಲ್ಲ ನನ್ ಮಖ ನೋಡ್ತಿದ್ರಾ?” ಆ ಸಂಕಟದಲ್ಲೂ ನಗು ಬಂತು. ಆಮೇಲೆ ಅವರು ಹೇಳಿದರು, ಅವರ ತವರಿನ ಗಲ್ಲಿಯ ಕೊನೆಯಲ್ಲಿ ಒಂದು ಸಣ್ಣ ಊಟದ ಮನೆ ಇದೆ. ಬೆಳಿಗ್ಗೆ ರಾಬ್ ಮಾಡುತ್ತಾರೆ, ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಾಯಿಸಿದ ಗಂಜಿ. ಮಧ್ಯಾಹ್ನ ಖೀಚ್, ಕುಟ್ಟಿದ ಸಜ್ಜೆಯನ್ನು ಬೇಳೆ ಜೊತೆ ಮೆತ್ತಗೆ ಬೇಯಿಸಿ ತುಪ್ಪ ಹಾಕಿದ್ದು. “ಅದ್ನ ಅಗೀದಿದ್ರೂ ನಡೀತದೆ” ಅಂದರು.

ಬೆಳಿಗ್ಗೆ ಸಾಬಣ್ಣ ಮತ್ತು ನಾನು ಕ್ಯಾನು ಹಿಡಿದು ಆ ಗಲ್ಲಿ ಹುಡುಕಿ ಹೋದೆವು. ನೀಲಿ ಗೋಡೆಗಳ ನಡುವೆ ದಾರಿ ತಪ್ಪಿ, ಕೇಳಿ, ಮತ್ತೆ ತಪ್ಪಿ, ಕೊನೆಗೆ ವಾಸನೆ ಹಿಡಿದು ಸೇರಿದೆವು. ಮೊದಲ ಗುಟುಕಿಗೇ ನನಗೆ ಗೊತ್ತಾಯಿತು. ಹುಳಿ, ಬಿಸಿ, ಸ್ವಲ್ಪ ಜೀರಿಗೆ. ರಾಗಿಯ ಬದಲು ಸಜ್ಜೆ, ಅಷ್ಟೇ ವ್ಯತ್ಯಾಸ. ಕ್ಯಾನು ತುಂಬಿಸಿಕೊಂಡು ಬಂದು ಯಜಮಾನರ ಮುಂದೆ ಲೋಟ ಇಟ್ಟೆ. ಅವರು ಅನುಮಾನದಿಂದ ಮೂಸಿ ನೋಡಿ ಕುಡಿದರು. ಮತ್ತೆ ಲೋಟ ನೀಡಿದರು.

“ನಮ್ ಅಂಬ್ಲೀನೇ ಕಣವ್ವ ಇದು.”

“ಮಧ್ಯಾಹ್ನಕ್ಕೂ ಇಂಥದ್ದೇ ಮೆತ್ತಗಿನ ಊಟ ಐತೆ. ಕೋಟೆಗೆ ಬನ್ನಿ.”

ಒಪ್ಪಿಬಿಡುತ್ತಾರೆ ಅನ್ನಿಸಿತು. ಆದರೆ ಎಲ್ಲರೂ ನೋಡುತ್ತಿದ್ದರು. ಜಗುಲಿಯ ಮೇಲೆ ಆಡಿದ ಮಾತು, ಅಂಗಳದಲ್ಲಿ ಆಡಿದ ಮಾತು, ಎರಡೂ ಅವರ ಹೆಗಲ ಮೇಲೆ ಕೂತಿದ್ದವು. ಅವರು ಎದ್ದು, ಗೋಡೆಗೆ ಒರಗಿಸಿದ್ದ ಹಿಟ್ಟಿನ ಕೋಲು ಕೈಗೆ ತಗೊಂಡರು. “ನೀವ್ ಓಗಿ. ನಾವ್ ಗಂಡಸ್ರು ಇಟ್ಟು ಮಾಡ್ಕತೀವಿ. ಏನ್ ಮಹಾ ಇದ್ದದು ಅದ್ರಲ್ಲಿ.”

ದೊಡ್ಡಮ್ಮ ನನ್ನ ಕಿವಿಯಲ್ಲಿ, “ಎಸರು ಕುದ್ಯಗಂಟ ಇಟ್ಟು ಉಯ್ಬಾರ್ದು ಅಂತ ಏಳ್ಲಾ ಮಗ?” ಅಂದರು. ಬೇಡ, ಬನ್ನಿ ಅಂತ ಕೈ ಹಿಡಿದು ಬಸ್ಸು ಹತ್ತಿಸಿದೆ.

ಕೋಟೆಯ ವಿಷಯ ಏನು ಹೇಳಲಿ. ಬುಡದಲ್ಲಿ ನಿಂತು ತಲೆ ಎತ್ತಿದರೆ ಬಂಡೆ ಎಲ್ಲಿ ಮುಗಿಯಿತು ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಮಂಡಿ ನೋವಿನವರಿಗೆ ಲಿಫ್ಟು ಇದೆ ಅಂತ ಹಿಂದಿನ ದಿನವೇ ವಿಚಾರಿಸಿಕೊಂಡಿದ್ದೆ. ದೊಡ್ಡಮ್ಮ ಲಿಫ್ಟಿನಲ್ಲಿ ಕಣ್ಣು ಮುಚ್ಚಿ ನನ್ನ ತೋಳು ಹಿಡಿದುಕೊಂಡರು, ಮೇಲೆ ಇಳಿದು ಕಣ್ಣು ಬಿಟ್ಟರು. ಕೆಳಗೆ ಊರು ಪೂರ್ತಿ ಬಿಚ್ಚಿಕೊಂಡಿತ್ತು, ಒಗೆದ ನೀಲಿ ಬಟ್ಟೆಗಳನ್ನು ಒಣಹಾಕಿದ ಹಾಗೆ. ಅದರಾಚೆ ಬರೀ ಬಯಲು, ಮಬ್ಬು. ಹದ್ದುಗಳು ನಮಗಿಂತ ಕೆಳಗೆ ಹಾರುತ್ತಿದ್ದವು. ಫಿರಂಗಿಗಳ ಪಕ್ಕ ನಿಂತು ಹೆಂಗಸರು ಫೋಟೋ ತೆಗೆಸಿಕೊಂಡರು, ಒಬ್ಬರು ಫಿರಂಗಿಯ ಬಾಯಿಗೆ ಕೈ ಹಾಕಿ ನೋಡಿದರು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಸಲ ಬಂದು ಇದನ್ನು ಬಿಟ್ಟು ಈರುಳ್ಳಿ ನೋಡಿಕೊಂಡು ಹೋದೆನಲ್ಲ ಅಂತ.

ರಾಣಿಯರ ಅರಮನೆಯಲ್ಲಿ ಕಲ್ಲಿನಲ್ಲೇ ಕೊರೆದ ಜಾಲಂದ್ರದ ಕಿಟಕಿಗಳಿವೆ. ಹಿಂದಿನ ಕಾಲದಲ್ಲಿ ಅಂಗಳದಲ್ಲಿ ನಡೆಯುವ ದರ್ಬಾರು, ಹಬ್ಬ, ಮೆರವಣಿಗೆ ಎಲ್ಲವನ್ನೂ ರಾಣಿಯರು ಅದರ ಹಿಂದೆ ಕೂತು ತೂತಿನಿಂದ ನೋಡುತ್ತಿದ್ದರಂತೆ. ಅಲ್ಲಿದ್ದ ಕಾವಲುಗಾರ ಹೇಳಿದ್ದನ್ನು ಸಾಬಣ್ಣ ತಿರುಗಿಸಿ ಹೇಳಿದರು. ದೊಡ್ಡಮ್ಮ ಆ ಕಿಟಕಿಯ ಹಿಂದೆ ನಿಂತು ಒಂದು ತೂತಿಗೆ ಕಣ್ಣಿಟ್ಟರು. ಉಳಿದವರು ಮುಂದಿನ ಕೋಣೆಗೆ ಹೋದರೂ ಅವರು ಬರಲಿಲ್ಲ.

“ಇವ್ರೂ ಹಿಂಗೇ ನೋಡ್ತಿದ್ರಾ ಮಗ? ರಾಣಿರೂ?”

“ಹೂಂ ದೊಡ್ಡಮ್ಮ.”

“ಥೂ” ಅಂದರು. ಮತ್ತೆ ಆ ಕಡೆ ನೋಡದೆ ಹೊರಗೆ ಬಿಸಿಲಿಗೆ ಬಂದರು.

ಮಧ್ಯಾಹ್ನ ಗಲ್ಲಿಯ ಊಟದ ಮನೆಯಲ್ಲಿ ಖೀಚ್ ತಿಂದೆವು. ತಟ್ಟೆ ಮೊದಲು ಹೆಂಗಸರ ಮುಂದೆ ಬಂತು, ಸಾಬಣ್ಣನನ್ನು ಬಿಟ್ಟರೆ ಇದ್ದದ್ದೇ ನಾವಷ್ಟೇ ಅಲ್ಲವೇ. ಲಸ್ಸಿ ಕುಡಿಯುವುದಲ್ಲ, ಚಮಚದಲ್ಲಿ ತಿನ್ನುವುದು ಅಂತ ಗೊತ್ತಾಗಿ ನಕ್ಕೆವು. ಬಾವಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ಯಾರೂ ಹೊತ್ತಾಯಿತು ಅನ್ನಲಿಲ್ಲ. ಬಿಸಿಲು ಇಳಿದ ಮೇಲೆಯೇ ಧರ್ಮಶಾಲೆಗೆ ಮರಳಿದೆವು.

ಅಂಗಳದಲ್ಲಿ ಗಂಡಸರು ಸೋತು ಕೂತಿದ್ದರು. ಯಜಮಾನರ ಪಂಚೆಯ ತುಂಬಾ ರಾಗಿ. ಮೊದಲ ಪಾತ್ರೆ ತಳ ಹಿಡಿದು ಹೋಗಿ, ಎರಡನೆಯದು ನೀರಾಗಿ, ಮೂರನೆಯ ಸಲಕ್ಕೆ ಹೇಗೋ ಹಿಟ್ಟು ಅನ್ನುವಂಥದ್ದು ಆಗಷ್ಟೇ ಬಂದಿತ್ತು. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಅವರು ಬೆಳಗಿನ ರಾಬ್ ಬಿಟ್ಟರೆ ಏನೂ ತಿಂದಿರಲಿಲ್ಲ. ಆದರೆ ನಮ್ಮನ್ನು ಕಂಡ ಕೂಡಲೇ ಎದ್ದು, ತಟ್ಟೆಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಮುದ್ದೆ ಹಾಕಿ, ಸಾರು ಬಿಟ್ಟು, “ಕುಂತ್ಕಳಿ” ಅಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಟ್ಟೆ ತುಂಬಿತ್ತು. ಆದರೂ ಕೂತರು.

ದೊಡ್ಡಮ್ಮ ಹಿಟ್ಟು ಮುರಿದು ಸಾರಲ್ಲಿ ಅದ್ದಿ ಬಾಯಿಗೆ ಹಾಕಿದರು. ನುಂಗಲು ಹೋಗಿ ನಿಲ್ಲಿಸಿದರು. ಆಮೇಲೆ ಅವರ ದವಡೆ ನಿಧಾನವಾಗಿ ಆಡಿತು. ಒಳಗೆ ಕಡಲೆಕಾಯಿ ಗಾತ್ರದ ಗಂಟುಗಳು, ಬೇಯದ ಹಿಟ್ಟು. ಅವರು ಅಗಿದರು. ಹುಟ್ಟಿದ ಮೇಲೆ ಮೊದಲ ಸಲ ಹಿಟ್ಟು ಅಗಿದರು. ಯಜಮಾನರು ಸೌಟು ಹಿಡಿದು ಅವರ ಮುಖವನ್ನೇ ನೋಡುತ್ತಾ ನಿಂತಿದ್ದರು.

“ಎಂಗೈತೆ?”

“ಚೆನ್ನಾಗೈತೆ” ಅಂದು ದೊಡ್ಡಮ್ಮ ಇನ್ನೊಂದು ತುತ್ತು ಮುರಿದರು.

ಯಜಮಾನರು ಅವರ ಪಕ್ಕ ಕುಸಿದು ಕೂತರು. “ಇದು ಇಷ್ಟು ಕಷ್ಟ ಅಂತ ನೀನ್ ಒಂದಿನಾನೂ ಏಳ್ನಿಲ್ವಲ್ಲೇ.”

“ನೀವ್ ಕೇಳುದ್ರೆ ತಾನೆ.”

ಅಲ್ಲಿಗೆ ಮಾತು ಮುಗಿಯಿತು. ಮಿಕ್ಕ ಹಿಟ್ಟನ್ನು ಧರ್ಮಶಾಲೆಯ ಹಸುವಿಗೆ ಹಾಕಿದೆವು, ಅದೂ ಅಗಿದೇ ತಿಂದಿತು. ಗಂಡಸರಿಗೆ ಗಲ್ಲಿಯಿಂದ ಖೀಚ್ ತರಿಸಿದೆ.

ಮರುದಿನ ಬೆಳಿಗ್ಗೆ ಪುಷ್ಕರಕ್ಕೆ ಹೊರಡಬೇಕಿತ್ತು. ನಾನು ಬ್ಯಾಗುಗಳನ್ನು ಡಿಕ್ಕಿಗೆ ಹಾಕಿಸುತ್ತಿದ್ದಾಗ ಯಜಮಾನರು ಸ್ನಾನ ಮಾಡಿ ಶಲ್ಯ ಹಾಕಿಕೊಂಡು ಬಂದರು. ನನ್ನ ಮುಖ ನೋಡದೆ ಬಸ್ಸಿನ ಟೈರು ನೋಡುತ್ತಾ, “ಮಧ್ಯಾನುಕ್ ಓಗನ ಕಣವ್ವ. ಕ್ವಾಟೆ ನೋಡ್ದೆ ಊರ್ಗೋದ್ರೆ ನಗ್ತಾರೆ” ಅಂದರು. “ನೀ ವಸಿ ತೋರ್ಸು.”

“ನಂಗೂ ನಿನ್ನೆನೇ ಮೊದಲು ಯಜಮಾನ್ರೆ. ದೊಡ್ಡಮ್ಮನ್ನ ಕೇಳಿ.”

ದೊಡ್ಡಮ್ಮ ಆಗಲೇ ಬಸ್ಸಿನ ಮೆಟ್ಟಿಲ ಮೇಲೆ ಇದ್ದರು.

ಲಿಫ್ಟಿನಲ್ಲಿ ಈ ಸಲ ಕಣ್ಣು ಮುಚ್ಚಿದವರು ಯಜಮಾನರು. ದೊಡ್ಡಮ್ಮ ಮುಂದೆ ನಡೆದರು, ಅವರು ಹಿಂದೆ. ನಮ್ಮ ಹಳ್ಳಿಗಳಲ್ಲಿ ಗಂಡ ಹೆಂಡತಿ ಹಾಗೆ ನಡೆದದ್ದನ್ನು ನಾನು ನೋಡಿಲ್ಲ. ಇದು ಫಿರಂಗಿ, ಇದು ದರ್ಬಾರು, ಮೆಟ್ಟಿಲು ಜಾರ್ತದೆ ನೋಡ್ಕಳಿ ಅನ್ನುತ್ತಾ ಹೋದರು. ಜಾಲಂದ್ರದ ಕಿಟಕಿಯ ಹತ್ತಿರ ಬಂದಾಗ ನಿಂತರು. ಗಂಡನ ರಟ್ಟೆ ಹಿಡಿದು ಕಿಟಕಿಯ ಹಿಂದೆ ನಿಲ್ಲಿಸಿದರು.

“ಈ ತೂತಲ್ಲಿ ನೋಡಿ.”

ಅವರು ಬಗ್ಗಿ ಕಣ್ಣಿಟ್ಟರು. “ಏನೂ ನೆಟ್ಗೆ ಕಾಣಾಕಿಲ್ವಲ್ಲೇ.”

“ಕಾಶೀಲಿ ನಂಗೆ ಇಷ್ಟೂ ಕಾಣ್ನಿಲ್ಲ” ಅಂದರು ದೊಡ್ಡಮ್ಮ.

ಯಜಮಾನರು ತೂತಿನಿಂದ ಕಣ್ಣು ತೆಗೆಯಲು ತುಂಬಾ ಹೊತ್ತು ಹಿಡಿಯಿತು.   ಗಡಿಯಾರದ ಹತ್ತಿರ ಕಚೋರಿ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿದಾಗ ತಾವೇ ಇಳಿದು ಹೋಗಿ, ಎಲೆಯಲ್ಲಿ ಎರಡು ಕಚೋರಿ ಹಾಕಿಸಿಕೊಂಡು ಬಂದು, ಒಂದನ್ನು ಮೊದಲು ದೊಡ್ಡಮ್ಮನ ಕೈಗೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಮುಂದ್ಲ ವರ್ಸ ಕಾಶಿ ಕಣವ್ವ, ಇನ್ನೊಂದ್ ಕಿತ. ಒಲೆ ಊರಲ್ಲೇ ಇರ್ಲಿ” ಅಂದರು.

ದೊಡ್ಡಮ್ಮ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಕಚೋರಿ ಮುರಿದರು. ಮುರಿದವರು ಗಂಡನ ಕಡೆ ನೋಡಿ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದರು.

“ಅಗ್ದು ತಿನ್ನಿ.”